ಡೋಲೋನಾ, ಐಬುಪ್ರೊಫೆನ್ನಾ, ಸುಮ್ನೆ ಗಂಜಿನಾ? ಮನೆಯ ಮಾತ್ರೆ ಡಬ್ಬಿಯಿಂದ ಯಾವುದನ್ನು ಯಾವಾಗ ತೆಗೆಯಬೇಕು

ಒಂದು ಮಳೆಗಾಲ ಅಮ್ಮನಿಗೆ ಜ್ವರ ಬಂದಿತ್ತು. ಎರಡನೇ ದಿನ ಸಂಜೆ ನಾನು ಊರಿಗೆ ಹೋದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಮೂರು ಸ್ಟ್ರಿಪ್ ಇದ್ದವು. "ಇದು ಜ್ವರಕ್ಕೆ, ಇದು ಶೀತಕ್ಕೆ, ಇದು ಮಂಡಿನೋವಿಗೆ" ಅಂತ ಅಮ್ಮ ಒಂದೊಂದನ್ನೇ ಎತ್ತಿ ತೋರಿಸಿದಳು. ನಾನು ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮೊದಲನೆಯದರಲ್ಲಿ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ. ಎರಡನೆಯದರಲ್ಲಿ ಪ್ಯಾರಾಸಿಟಮಾಲ್ 500, ಜೊತೆಗೆ ಮೂಗು ಕಟ್ಟಿದ್ದಕ್ಕೆ ಇನ್ನೆರಡು ಔಷಧ. ಮೂರನೆಯದರಲ್ಲಿ ಅಸೆಕ್ಲೋಫೆನಾಕ್ 100, ಅದರ ಜೊತೆ ಮತ್ತೆ ಪ್ಯಾರಾಸಿಟಮಾಲ್ 325.

ಹಿಂದಿನ ರಾತ್ರಿಯಿಂದ ಎಷ್ಟೆಷ್ಟು ತೊಗೊಂಡೆ ಅಂತ ಕೇಳಿ ಲೆಕ್ಕ ಹಾಕಿದೆ. ಜ್ವರದ್ದು ನಾಲ್ಕು, ಶೀತದ್ದು ಮೂರು, ಮಂಡಿಯದ್ದು ಎರಡು. 2600, 1500, 650. ಒಟ್ಟು 4750 ಮಿಲಿಗ್ರಾಂ. ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಯಲ್ಲಿ 4000 ದಾಟಬಾರದು. ಅಮ್ಮನ ತೂಕ 44 ಕೆಜಿ. 50 ಕೆಜಿಗಿಂತ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ ಮಿತಿ ಅದಕ್ಕಿಂತಲೂ ಕಡಿಮೆ. ಆ ರಾತ್ರಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಲಿವರ್ ಟೆಸ್ಟ್ ಮಾಡಿಸಿದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಅಮ್ಮ ತಪ್ಪು ಮಾಡಿದಳು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ನಾವೆಲ್ಲ ಮಾತ್ರೆ ಆರಿಸುವುದು ಕಾಯಿಲೆಯ ಹೆಸರಿನ ಮೇಲೆ, ಇಲ್ಲವೇ ಬ್ರ್ಯಾಂಡ್ ಹೆಸರಿನ ಮೇಲೆ. ಒಳಗೆ ಇರುವ ಔಷಧದ ಹೆಸರು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಕನ್ನಡ ಮಾತ್ರ ಓದಲು ಬರುವ ಹಿರಿಯರು ಅದನ್ನು ಓದುವುದಾದರೂ ಹೇಗೆ? ಅದಕ್ಕೇ ಈ ಹೋಲಿಕೆಯನ್ನು ಬ್ರ್ಯಾಂಡ್ ಬಿಟ್ಟು, ಒಳಗಿನ ಔಷಧ ಹಿಡಿದು ಬರೆಯುತ್ತಿದ್ದೇನೆ.

ಜ್ವರ, ಮೈಕೈ ನೋವು: ಮೊದಲು ಯಾವುದು?

ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಬೇರೆ ಬೇರೆ ಅಂತ ಎಷ್ಟೋ ಜನ ನಂಬಿದ್ದಾರೆ. "ನಂಗೆ ಕ್ರೋಸಿನ್ ಕೇಳಲ್ಲ, ಡೋಲೋನೇ ಆಗಬೇಕು" ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಡೋಲೋ 650 ತಯಾರಿಸುವುದು ಬೆಂಗಳೂರಿನ ಮೈಕ್ರೋ ಲ್ಯಾಬ್ಸ್. ಕೋವಿಡ್ ಸಮಯದಲ್ಲಿ ಆ ಹೆಸರು ಮನೆಮಾತಾಯಿತು. 500ಕ್ಕೂ 650ಕ್ಕೂ ಇರುವ ವ್ಯತ್ಯಾಸ ಅಳತೆಯದ್ದು ಅಷ್ಟೇ. ಜನೌಷಧಿ ಕೇಂದ್ರದಲ್ಲಿ ಸಿಗುವ ಕಡಿಮೆ ಬೆಲೆಯ ಮಾತ್ರೆಯೂ ಇದೇ ಔಷಧ.

ಬರೀ ಜ್ವರ ಇದ್ದರೆ, ಯಾವ ಜ್ವರ ಅಂತ ಇನ್ನೂ ಗೊತ್ತಿಲ್ಲದಿದ್ದರೆ, ನನ್ನ ಆಯ್ಕೆ ಯಾವಾಗಲೂ ಪ್ಯಾರಾಸಿಟಮಾಲ್ ಒಂದೇ. ಹೊಟ್ಟೆಗೆ ಹಿತ. ಗರ್ಭಿಣಿಯರಿಗೂ ಬಿ.ಪಿ. ಇರುವವರಿಗೂ ಡಾಕ್ಟರು ಸಾಮಾನ್ಯವಾಗಿ ಮೊದಲು ಹೇಳುವುದು ಇದನ್ನೇ. ದೊಡ್ಡವರು ಒಂದು ಸಲಕ್ಕೆ 500 ಅಥವಾ 650 ತೊಗೊಂಡು, ಮುಂದಿನದಕ್ಕೆ ಆರು ಗಂಟೆ ಬಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇದರ ಅಪಾಯ ಇರುವುದು ಅಳತೆಯಲ್ಲಿ. ಜಾಸ್ತಿಯಾದರೆ ಲಿವರ್‌ಗೆ ಹೊಡೆತ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಸ್ವಲ್ಪ ವಾಕರಿಕೆ ಅಷ್ಟೇ. ಅದನ್ನೇ ನಂಬಿ ಕಾಯಬಾರದು. ಇದಕ್ಕೆ ಅಸೆಟೈಲ್‌ಸಿಸ್ಟೀನ್ ಅನ್ನುವ ಮದ್ದಿದೆ. ಎಂಟು ಗಂಟೆಯೊಳಗೆ ಶುರು ಮಾಡಿದರೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ಹೆಚ್ಚಾಗಿದೆ ಅಂತ ಗೊತ್ತಾದ ತಕ್ಷಣ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೊರಡಿ.

ಈಗ ಐಬುಪ್ರೊಫೆನ್. ಪ್ಯಾರಾಸಿಟಮಾಲ್ ಜ್ವರ, ನೋವು ಎರಡಕ್ಕೂ ಆಗುತ್ತದೆ, ಆದರೆ ಊತ ಇಳಿಸುವುದಿಲ್ಲ. ಐಬುಪ್ರೊಫೆನ್ ಊತವನ್ನೂ ಇಳಿಸುತ್ತದೆ. ಹಲ್ಲುನೋವು, ಕಾಲು ಉಳುಕಿದ್ದು, ಮುಟ್ಟಿನ ಹೊಟ್ಟೆನೋವು ಇಂಥವಕ್ಕೆ ಇದೇ ಮೇಲು. ಊಟ ಆದ ಮೇಲೆ 200 ಅಥವಾ 400, ದಿನಕ್ಕೆ ಮೂರು ಸಲ ಮೀರದಂತೆ. ಮನೆಮಟ್ಟದಲ್ಲಿ 1200ಕ್ಕೆ ನಿಲ್ಲಿಸಬೇಕು. ಆದರೆ ಇದನ್ನು ತೊಗೊಳ್ಳಬಾರದವರ ಪಟ್ಟಿ ಉದ್ದ ಇದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ನೋವಿನ ಮಾತ್ರೆಯಿಂದ ಉಬ್ಬಸ ಬರುವವರು, ಐದು ತಿಂಗಳು ದಾಟಿದ ಗರ್ಭಿಣಿಯರು ಇದನ್ನು ದೂರ ಇಡಬೇಕು. ಬಿ.ಪಿ. ಮಾತ್ರೆ ತೊಗೊಳ್ಳುವವರು ಕೇಳದೆ ನುಂಗಬಾರದು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿರುವಾಗಲೂ ಬೇಡ, ಕಿಡ್ನಿಗೆ ಪೆಟ್ಟು.

ಇನ್ನೊಂದು ಮಾತು, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಮಳೆಗಾಲದಲ್ಲಿ ಜ್ವರ ಬಂದರೆ ಅದು ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಐಬುಪ್ರೊಫೆನ್, ಅದರ ಬಳಗದ ಡೈಕ್ಲೋಫೆನಾಕ್, ಮೆಫೆನಾಮಿಕ್ ಆ್ಯಸಿಡ್, ಆಸ್ಪಿರಿನ್ ಯಾವುದೂ ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ, ಈ ಮಾತ್ರೆಗಳು ರಕ್ತಸ್ರಾವವನ್ನು ಇನ್ನೂ ಹೆಚ್ಚಿಸಬಹುದು. 2024ರಲ್ಲಿ ಡೆಂಗಿ ಎಷ್ಟು ಹಬ್ಬಿತು ಅಂದರೆ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಮಲೆನಾಡಿನವರಿಗೆ ಇದೇ ಮಾತು ಬೇಸಿಗೆಗೂ ಅನ್ವಯಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವದ ಭಯ ಇದೆ. ಕಾಡಿಗೆ, ತೋಟಕ್ಕೆ ಹೋಗಿ ಬಂದವರಿಗೆ ಜೋರು ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡೆಂಗಿಯಲ್ಲಿ ಜ್ವರ ಬಿಟ್ಟಿತು ಅಂತ ನಿರಾಳವಾಗುವ ಹೊತ್ತೇ ಎಚ್ಚರದ ಹೊತ್ತು. ಮೂರರಿಂದ ಏಳನೇ ದಿನದ ನಡುವೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಉಳಿದವನ್ನು ಬೇಗ ಹೇಳುತ್ತೇನೆ. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325 ಸೇರಿದ್ದು. ಅದನ್ನು ನುಂಗಿ ಮೇಲೆ ಡೋಲೋ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಸಲ ಹೊಟ್ಟೆಗೆ ಹೋದಂತೆ. ಡಿಸ್ಪ್ರಿನ್ ಅಂದರೆ ಆಸ್ಪಿರಿನ್, 16 ವರ್ಷದೊಳಗಿನವರಿಗೆ ಬೇಡವೇ ಬೇಡ. ವೈರಸ್ ಜ್ವರದಲ್ಲಿ ಕೊಟ್ಟರೆ ಮಿದುಳು, ಲಿವರ್ ಎರಡಕ್ಕೂ ತೊಂದರೆ ಮಾಡುವ ರೇಸ್ ಸಿಂಡ್ರೋಮ್ ಬರಬಹುದು. ಹಾಗಂತ ಹೃದಯಕ್ಕಾಗಿ ಡಾಕ್ಟರು ಬರೆದುಕೊಟ್ಟ ಎಕೋಸ್ಪ್ರಿನ್ 75 (ಅದೂ ಆಸ್ಪಿರಿನ್ನೇ) ಅನ್ನು ನೀವಾಗಿ ನಿಲ್ಲಿಸಬೇಡಿ. ಜ್ವರ ಬಂದಾಗ ಏನು ಮಾಡಬೇಕು ಅಂತ ಅವರನ್ನೇ ಕೇಳಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆ್ಯಸಿಡ್ ಮುಟ್ಟಿನ ನೋವಿಗೆ ಚೆನ್ನಾಗಿ ಕೇಳುತ್ತದೆ, ನಿಜ. ಆದರೆ 2023ರ ನವೆಂಬರ್ ಕೊನೆಯಲ್ಲಿ ಭಾರತೀಯ ಔಷಧಕೋಶ ಆಯೋಗ ಅದರ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ತೊಗೊಂಡ ಮೇಲೆ ಕೆಲವು ವಾರದೊಳಗೆ ಮೈಮೇಲೆ ದದ್ದು, ಜ್ವರ, ಕುತ್ತಿಗೆಯಲ್ಲಿ ಗಂಟು ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಅಮ್ಮನ ಮಂಡಿಗೆ ಆಮೇಲೆ ಡಾಕ್ಟರು ಕೊಟ್ಟದ್ದು ಡೈಕ್ಲೋಫೆನಾಕ್ ಜೆಲ್. ಮಾತ್ರೆ ನುಂಗಿದರೆ ಔಷಧ ಮೈಯೆಲ್ಲ ಸುತ್ತುತ್ತದೆ. ಜೆಲ್ ಹಚ್ಚಿದರೆ ರಕ್ತಕ್ಕೆ ಹೋಗುವುದು ತೀರಾ ಸ್ವಲ್ಪ. ವಯಸ್ಸಾದವರ ಮಂಡಿನೋವಿಗೆ ಮಾತ್ರೆಗಿಂತ ಮೊದಲು ಜೆಲ್ ನೋಡುವುದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಮಕ್ಕಳ ಜ್ವರ: ಡ್ರಾಪ್ಸ್ ಬೇರೆ, ಸಿರಪ್ ಬೇರೆ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಮಕ್ಕಳ ಪ್ಯಾರಾಸಿಟಮಾಲ್ ಅಂಗಡಿಯಲ್ಲಿ ಕನಿಷ್ಠ ಮೂರು ಬಗೆಯಲ್ಲಿ ಸಿಗುತ್ತದೆ. ಹನಿ ಹಾಕುವ ಡ್ರಾಪ್ಸ್‌ನಲ್ಲಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ 5 ಮಿಲಿಲೀಟರಿಗೆ 120 ಅಥವಾ 125. ಇನ್ನೊಂದು ಸಿರಪ್‌ನಲ್ಲಿ 5 ಮಿಲಿಲೀಟರಿಗೆ 250. ಬಾಟಲಿ ಚಿಕ್ಕದು ಅಂತ ಡ್ರಾಪ್ಸನ್ನು ಸಪ್ಪೆ ಔಷಧ ಅಂದುಕೊಳ್ಳುತ್ತೇವೆ. ನಿಜವಾಗಿ ಅದೇ ಎಲ್ಲಕ್ಕಿಂತ ಗಟ್ಟಿ.

ಮಗುವಿಗೆ ಕೊಡುವುದು ತೂಕದ ಲೆಕ್ಕದಲ್ಲಿ, ಪ್ರತಿ ಕೆಜಿಗೆ 10ರಿಂದ 15 ಮಿಲಿಗ್ರಾಂ. 10 ಕೆಜಿ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150. ಡ್ರಾಪ್ಸ್ ಆದರೆ ಒಂದೂವರೆ ಮಿಲಿಲೀಟರ್. 120ರ ಸಿರಪ್ ಆದರೆ ಆರು ಮಿಲಿಲೀಟರ್ ಚಿಲ್ಲರೆ. 250ರದ್ದಾದರೆ ಮೂರು. ಈಗ ಯೋಚಿಸಿ. "ಆರು ಎಂಎಲ್ ಕೊಡು" ಅಂತ ಅಜ್ಜಿಗೆ ಫೋನಿನಲ್ಲಿ ಹೇಳಿ ನೀವು ಆಫೀಸಿನಲ್ಲಿದ್ದೀರಿ. ಅಜ್ಜಿಯ ಕೈಗೆ ಸಿಕ್ಕಿದ್ದು ಡ್ರಾಪ್ಸ್ ಬಾಟಲಿ. ಆರು ಎಂಎಲ್ ಅಂದರೆ 600 ಮಿಲಿಗ್ರಾಂ. ಒಂದೇ ಸಲಕ್ಕೆ ನಾಲ್ಕು ಪಟ್ಟು. ಹಾಗಾಗಿ ಮನೆಯಲ್ಲಿ ಒಂದೇ ಬಗೆ ಇಟ್ಟುಕೊಳ್ಳಿ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳ ಅಥವಾ ಸಿರಿಂಜಲ್ಲೇ ಅಳೆಯಿರಿ. ಅಡುಗೆಮನೆಯ ಚಮಚ ಒಂದೊಂದು ಒಂದೊಂದು ಗಾತ್ರ.

ನಡುವೆ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಥರ್ಮಾಮೀಟರ್ 100 ತೋರಿಸಿದರೂ ಮಗು ಆಡಿಕೊಂಡು ಹಾಲು ಕುಡಿಯುತ್ತಿದ್ದರೆ ಔಷಧವೇ ಬೇಕಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಮಾತ್ರ ಮನೆಯಲ್ಲಿ ಏನೂ ಕೊಡದೆ ತಕ್ಷಣ ಆಸ್ಪತ್ರೆಗೆ.

ಶೀತ, ಕೆಮ್ಮು

ಶೀತ ಯಾವ ಮಾತ್ರೆಗೂ ವಾಸಿಯಾಗುವುದಿಲ್ಲ, ತಾನಾಗಿ ಹೋಗುತ್ತದೆ. ಮಾತ್ರೆ ಮಾಡುವುದು ಮೂಗು ಸೋರುವುದು, ಕಟ್ಟುವುದನ್ನು ಸ್ವಲ್ಪ ಕಡಿಮೆ ಮಾಡುವುದು ಅಷ್ಟೇ. ಸಿನಾರೆಸ್ಟ್ ಥರದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮೈನ್, ಫೀನೈಲೆಫ್ರಿನ್ ಮೂರೂ ಇವೆ. ಜ್ವರವೇ ಇಲ್ಲದೆ ಬರೀ ಸೀನು, ಮೂಗಲ್ಲಿ ನೀರು ಇದ್ದರೆ ಮೂರು ಔಷಧ ಯಾಕೆ ಬೇಕು? ಅಲರ್ಜಿ ಸೀನಿಗೆ ಸೆಟಿರಿಜಿನ್ 10 ಒಂದೇ ಸಾಕು. ಹಳೆಯ ಅವಿಲ್, ಕ್ಲೋರ್‌ಫೆನಿರಮೈನ್ ತುಂಬಾ ನಿದ್ದೆ ತರುತ್ತವೆ. ಸೆಟಿರಿಜಿನ್ ಅದಕ್ಕಿಂತ ಕಡಿಮೆ, ಆದರೂ ರಾತ್ರಿ ನುಂಗುವುದು ಒಳ್ಳೆಯದು. ಗಾಡಿ ಓಡಿಸುವವರಿಗೆ ಫೆಕ್ಸೊಫೆನಡಿನ್ ವಾಸಿ. ಅದನ್ನು ನೀರಿನ ಜೊತೆ ನುಂಗಬೇಕು, ಹಣ್ಣಿನ ಜ್ಯೂಸ್ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೂಗು ಬಿಡಿಸುವ ಹನಿ ಔಷಧ ಮೂರು ನಾಲ್ಕು ದಿನಕ್ಕೆ ನಿಲ್ಲಿಸಿ. ಮುಂದುವರಿಸಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ.

ಚಿಕ್ಕ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಲೋರ್‌ಫೆನಿರಮೈನ್, ಫೀನೈಲೆಫ್ರಿನ್ ಸೇರಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಹಾಳಾಗಿ ಸತ್ತರು. ಆ ಸುದ್ದಿ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ, ಮೂಗಿಗೆ ಉಪ್ಪುನೀರಿನ ಹನಿ, ಬೆಚ್ಚಗಿನ ಸಾರು. ಇಷ್ಟೇ ಬಹಳಷ್ಟು ಸಲ ಸಾಕಾಗುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ಮುಟ್ಟಿಸಬೇಡಿ.

ನಮ್ಮ ಕಡೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕೂಸಿನ ಎದೆಗೆ ಉಜ್ಜುವ ರೂಢಿ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಪುಟ್ಟ ಮಕ್ಕಳಲ್ಲಿ ಕರ್ಪೂರ ಫಿಟ್ಸ್ ತರಬಹುದು. ಬರೀ ಎಣ್ಣೆ ಹಚ್ಚಿ, ಕರ್ಪೂರವನ್ನು ದೇವರ ಮನೆಯಲ್ಲೇ ಬಿಡಿ. ಎತ್ತರದಲ್ಲಿ ಇಡಿ.

ಭೇದಿ: ಓಆರ್‌ಎಸ್, ಎಳನೀರು, ನಿಲ್ಲಿಸುವ ಮಾತ್ರೆ

ಭೇದಿಯಾದಾಗ ಎಲ್ಲರ ಮೊದಲ ಆಸೆ ಅದನ್ನು ನಿಲ್ಲಿಸಬೇಕು ಅನ್ನುವುದು. ಆದರೆ ಜೀವಕ್ಕೆ ಕುತ್ತು ತರುವುದು ಮೈಯಿಂದ ಹೋದ ನೀರು, ಉಪ್ಪು. ಲೊಪೆರಮೈಡ್ ಮಾತ್ರೆ ಕರುಳಿನ ಓಟ ನಿಧಾನ ಮಾಡುತ್ತದೆ, ಹೋದ ನೀರನ್ನು ತಂದುಕೊಡುವುದಿಲ್ಲ. ಬಸ್ಸಿನಲ್ಲಿ ದೂರ ಹೋಗಲೇಬೇಕಾದ ದೊಡ್ಡವರಿಗೆ ಒಂದು ಹೊತ್ತಿಗೆ ಸರಿ. ಜ್ವರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ, ಮಕ್ಕಳಿಗಾದರೆ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಪುಡಿಯಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಸಕ್ಕರೆ ಅಂಶ ಉಪ್ಪನ್ನು ಕೈಹಿಡಿದು ಕರುಳಿನೊಳಗೆ ಎಳೆದುಕೊಂಡು ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಎರಡೂ ಹದವಾಗಿ ಇದ್ದರೆ ಮಾತ್ರ ಇದು ನಡೆಯುವುದು. ಅದಕ್ಕೇ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಬಾರದು. ಇಡೀ ಪೊಟ್ಟಣ, ಇಡೀ ಲೀಟರ್ ಕಾಯಿಸಿ ಆರಿಸಿದ ನೀರು, 24 ಗಂಟೆಯೊಳಗೆ ಮುಗಿಸಬೇಕು. 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಮೇಲೆ ಬರೆದಿದ್ದನ್ನು ನೋಡಿ. ಪೊಟ್ಟಣ ಇಲ್ಲದ ರಾತ್ರಿ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಗೀಚಿ ಸಮ ಮಾಡಿದ ಚಮಚ.

ಅಂಗಡಿಯ ಫ್ರಿಜ್ಜಿನಲ್ಲಿ ಓಆರ್‌ಎಸ್ ಅಂತ ಬರೆದ ಬಣ್ಣದ ಜ್ಯೂಸ್ ಡಬ್ಬಿಗಳನ್ನು ವರ್ಷಗಟ್ಟಲೆ ಮಾರಿದರು. ಅವುಗಳಲ್ಲಿ ಸಕ್ಕರೆ ತುಂಬಾ ಜಾಸ್ತಿ, ಭೇದಿ ಇನ್ನೂ ಹೆಚ್ಚಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಬಳಸಬಾರದು ಅಂತ ಆದೇಶ ಮಾಡಿತು. ಅಂಗಡಿಯಲ್ಲಿ ಕೇಳುವಾಗ "ಡಬ್ಲ್ಯುಎಚ್‌ಒ ಓಆರ್‌ಎಸ್ ಪುಡಿ ಕೊಡಿ" ಅಂತಲೇ ಕೇಳಿ.

ಎಳನೀರು? ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಓಆರ್‌ಎಸ್ ಬದಲಿಗೆ ಅಲ್ಲ, ಜೊತೆಗೆ ಕುಡಿಯಬಹುದು. ಕಿಡ್ನಿ ತೊಂದರೆ ಇರುವವರಿಗೆ ಬೇಡ. ಉಪ್ಪು ಹಾಕಿದ ಅಕ್ಕಿ ಗಂಜಿ, ನೀರು ಮಜ್ಜಿಗೆ ಎರಡೂ ನಮ್ಮ ಅಡುಗೆಮನೆಯ ಒಳ್ಳೆಯ ಆಸರೆ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಗುಟುಕು ಗುಟುಕಾಗಿ ಮತ್ತೆ ಶುರು ಮಾಡಿ. ಮಕ್ಕಳಿಗೆ ಜೊತೆಯಲ್ಲಿ ಜಿಂಕ್ ಕೂಡ ಕೊಡುತ್ತಾರೆ, ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಅಳುವಾಗ ಕಣ್ಣೀರು ಬರದಿದ್ದರೆ, ಕಣ್ಣು ಗುಳಿಬಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ ಆಸ್ಪತ್ರೆ.

"ಗ್ಯಾಸ್" ಅನ್ನುವ ಮಾತು

ಮದುವೆ ಊಟ ಆದ ಮೇಲಿನ ಎದೆಯುರಿಗೆ ಜೆಲುಸಿಲ್, ಡೈಜೀನ್ ಸಾಕು. ಕೆಲವೇ ನಿಮಿಷದಲ್ಲಿ ಆರಾಮ, ಒಂದೆರಡು ಗಂಟೆ ಇರುತ್ತದೆ. ಈನೋ ಕೂಡ ಬೇಗ ಕೆಲಸ ಮಾಡುತ್ತದೆ, ಆದರೆ ಅದರಲ್ಲಿ ಸೋಡಿಯಂ ತುಂಬಾ ಇದೆ, ಬಿ.ಪಿ. ಇರುವವರು ಬಿಡಿ. ಪ್ಯಾಂಟೊಪ್ರಜೋಲ್ ಬೇರೆ ಬಗೆ. ಊಟ ಆದ ಮೇಲೆ ಉರಿಯುತ್ತಿರುವಾಗ ನುಂಗಿದರೆ ಪ್ರಯೋಜನ ಕಡಿಮೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತೊಗೊಳ್ಳಬೇಕು, ಪೂರ್ತಿ ಗುಣ ಕಾಣಲು ಎರಡು ಮೂರು ದಿನ ಬೇಕು. ಎರಡು ವಾರ ಆದರೂ ಉರಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ವರ್ಷಗಟ್ಟಲೆ ತಾವಾಗಿಯೇ ನುಂಗುವವರನ್ನು ನೋಡಿದ್ದೇನೆ, ಅದು ಸರಿಯಲ್ಲ.

ನನಗೆ ಹೆದರಿಕೆ ಹುಟ್ಟಿಸುವುದು ಬೇರೆಯದು. ಎದೆ ಮಧ್ಯ ಭಾರ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು. "ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿದರೆ ಹೋಗುತ್ತೆ" ಅಂತ ಕೂತರೆ ಹೃದಯಾಘಾತದ ಅಮೂಲ್ಯ ಸಮಯ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ ನೋವು ಜೋರಾಗಿ ಬರದೆ ಬರೀ ಸುಸ್ತು, ಉಸಿರು ಕಟ್ಟಿದಂತೆ ಆಗಬಹುದು. 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ದೊಡ್ಡ ಊರು ಮುಟ್ಟುವವರೆಗೆ ಕಾಯಬೇಕಾಗಿಲ್ಲ.

ಅಂಗಡಿಯಲ್ಲಿ, ಮನೆಯಲ್ಲಿ

"ಜ್ವರಕ್ಕೆ ಒಂದು ಸೆಟ್ ಕೊಡಿ" ಅಂದರೆ ಕೆಲವು ಕಡೆ ಬಿಳಿ, ಗುಲಾಬಿ, ಹಳದಿ ಮಾತ್ರೆ ಬಿಡಿಬಿಡಿಯಾಗಿ ಕಾಗದದ ಕವರಿನಲ್ಲಿ ಹಾಕಿ ಕೊಡುತ್ತಾರೆ. ಹೆಸರಿಲ್ಲ, ತಾರೀಖಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಆ್ಯಂಟಿಬಯೋಟಿಕ್ ಇರಬಹುದು. ಅಂಥದ್ದನ್ನು ತೊಗೊಳ್ಳಬೇಡಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಬೇಡ. ಶೀತಕ್ಕೆ ಅಜಿತ್ರೊಮೈಸಿನ್ ಕೇಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ವೈರಸ್‌ಗೆ ಅದು ಏನೂ ಮಾಡುವುದಿಲ್ಲ.

ಬಿಡಿ ಮಾತ್ರೆ ಕೊಳ್ಳುವಾಗ ಸ್ಟ್ರಿಪ್ಪಿನಲ್ಲಿ ಹೆಸರು, ಎಕ್ಸ್‌ಪೈರಿ ಇರುವ ತುಂಡನ್ನೇ ಕೇಳಿ. ಮನೆಯಲ್ಲಿ ಕತ್ತರಿಸುವಾಗ ತಾರೀಖು ಇಲ್ಲದ ಕಡೆಯಿಂದ ಶುರು ಮಾಡಿ.

ಅಮ್ಮನಿಗಾಗಿ ಮಾಡಿದ ಒಂದು ವ್ಯವಸ್ಥೆ ನಮ್ಮ ಮನೆಯಲ್ಲಿ ಉಳಿದುಕೊಂಡಿದೆ. ಪ್ಯಾರಾಸಿಟಮಾಲ್ ಇರುವ ಪ್ರತಿ ಸ್ಟ್ರಿಪ್ ಮೇಲೂ ಕೆಂಪು ಮಾರ್ಕರಿನಲ್ಲಿ "ಪ್ಯಾ" ಅಂತ ಬರೆಯುತ್ತೇನೆ. ಐಬುಪ್ರೊಫೆನ್ ಬಳಗದ ಮೇಲೆ "ನೋ" ಅಂತ, ನೋವಿನ ಮಾತ್ರೆ ಅನ್ನುವುದಕ್ಕೆ. ಎರಡು "ಪ್ಯಾ" ಒಟ್ಟಿಗೆ ಹೋಗಬಾರದು. "ನೋ" ಖಾಲಿ ಹೊಟ್ಟೆಗೆ ಬೇಡ, ಜ್ವರ ಇದ್ದಾಗಲೂ ಬೇಡ. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ, ಮಾತ್ರೆ ನುಂಗಿದ ಹೊತ್ತು ಬರೆಯಲು. ಈಗ ಹೊಸ ಮಾತ್ರೆ ತಂದರೆ ಅಮ್ಮ ಫೋನ್ ಮಾಡುತ್ತಾಳೆ. ಸ್ಟ್ರಿಪ್ಪಿನ ಹಿಂಭಾಗವನ್ನು ವಿಡಿಯೋ ಕಾಲಿನ ಹತ್ತಿರ ಹಿಡಿದು, "ನೋಡು, ಇದಕ್ಕೆ ಏನು ಬರೀಲಿ?" ಅಂತ ಕೇಳುತ್ತಾಳೆ.